ನೂರು ಬೇಕಿತ್ತು, ಮಾಡಿದ್ದು ಮೂವತ್ತಾರು

ಕಾರುಗಳಿಗೆ ಹೆಸರಿಡುವವರು ಸಾಮಾನ್ಯವಾಗಿ ವೇಗವನ್ನೋ ಶಕ್ತಿಯನ್ನೋ ಕಾಡುಪ್ರಾಣಿಯನ್ನೋ ನೆನಪಿಸುವ ಪದ ಹುಡುಕುತ್ತಾರೆ. ಆದರೆ ಜಗತ್ತಿನ ಅತ್ಯಂತ ದುಬಾರಿ ಕಾರುಗಳ ಸಾಲಿನಲ್ಲಿ ನಿಲ್ಲುವ ಇಟಲಿಯ ಒಂದು ಕಾರಿನ ಹೆಸರಿನಲ್ಲಿರುವುದು ಕಚೇರಿಯ ಮೊಹರು. ಫೆರಾರಿ 250 ಜಿಟಿಒ ಎಂಬ ಹೆಸರಿನ ಕೊನೆಯ ಅಕ್ಷರ ‘ಒಮೊಲೊಗಾಟೊ’ ಎಂಬ ಇಟಾಲಿಯನ್ ಪದದ ಮೊದಲಕ್ಷರ. ಅದರ ಅರ್ಥ ‘ಅಂಗೀಕೃತ’. ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಜತೆಗೇ ‘ಲೈಸೆನ್ಸ್ ಪಡೆದಿದೆ’ ಎಂದು ದಪ್ಪಕ್ಷರದಲ್ಲಿ ಬರೆಸಿದಂತೆ.

ಇಷ್ಟು ಒತ್ತಿ ಹೇಳುವ ಅಗತ್ಯವಾದರೂ ಏನಿತ್ತು? ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯ ನಿಯಮದ ಪ್ರಕಾರ ಇಂಥ ಕಾರು ರೇಸಿಗೆ ಇಳಿಯಬೇಕಾದರೆ ಅದೇ ಮಾದರಿಯ ನೂರು ಕಾರುಗಳಾದರೂ ಹನ್ನೆರಡು ತಿಂಗಳೊಳಗೆ ತಯಾರಾಗಬೇಕಿತ್ತು. ಫೆರಾರಿ ಕಂಪೆನಿ 1962ರಿಂದ 1964ರವರೆಗಿನ ಮೂರು ವರ್ಷಗಳಲ್ಲಿ ತಯಾರಿಸಿದ್ದು 36 ಮಾತ್ರ. ನಾಲ್ಕು ಲೀಟರ್ ಎಂಜಿನ್ ಇಟ್ಟ ಮೂರನ್ನು ಸೇರಿಸಿದರೂ ಲೆಕ್ಕ 39ರಲ್ಲೇ ನಿಲ್ಲುತ್ತದೆ. ಆದರೂ ಕಾರಿಗೆ ಅಂಗೀಕಾರ ಸಿಕ್ಕಿತು. ಮೂರು ವರ್ಷ ಸತತವಾಗಿ ಅದು ಪ್ರಶಸ್ತಿ ಗೆದ್ದುಕೊಟ್ಟಿತು. ಅಂದು ಯಾವ ಕೊರತೆ ಅದರ ಮೇಲಿನ ಆಕ್ಷೇಪವಾಗಿತ್ತೋ, ಇಂದು ಅದೇ ಕೊರತೆ ಅದಕ್ಕೆ ನೂರಾರು ಕೋಟಿ ರೂಪಾಯಿಯ ಬೆಲೆ ತಂದಿದೆ.

ಮನೆಯಿಂದ ರೇಸಿಗೆ, ರೇಸಿನಿಂದ ಮನೆಗೆ

ಎಂಜೊ ಫೆರಾರಿ 1898ರಲ್ಲಿ ಉತ್ತರ ಇಟಲಿಯ ಮೊಡೆನಾದಲ್ಲಿ ಹುಟ್ಟಿದವರು. ಸ್ವತಃ ರೇಸ್ ಚಾಲಕರಾಗಿದ್ದು, ಬಳಿಕ ಸಮೀಪದ ಮರನೆಲ್ಲೊದಲ್ಲಿ ಕಾರ್ಖಾನೆ ಕಟ್ಟಿ 1947ರಲ್ಲಿ ತಮ್ಮ ಹೆಸರಿನ ಮೊದಲ ಕಾರನ್ನು ಹೊರತಂದರು. ಕಾರು ಮಾರುವುದು ಅವರಿಗೆ ರೇಸಿಗೆ ಹಣ ಹೊಂದಿಸುವ ದಾರಿಯಾಗಿತ್ತು. ಸಿರಿವಂತರು ಕೊಂಡ ಕಾರುಗಳ ದುಡ್ಡು ರೇಸ್ ವಿಭಾಗದ ಒಲೆಗೆ ಸೌದೆಯಾಗುತ್ತಿತ್ತು.

ಈ ಎರಡೂ ಲೋಕಗಳು ಕೂಡುತ್ತಿದ್ದುದು ‘ಗ್ರಾನ್ ಟುರಿಸ್ಮೊ’, ಅಂದರೆ ಜಿಟಿ ಎಂಬ ವರ್ಗದಲ್ಲಿ. ಜಿಟಿ ಎಂದರೆ ದೂರ ಪ್ರಯಾಣಕ್ಕೆ ಒದಗುವ, ಮೇಲ್ಛಾವಣಿ ಇರುವ ವೇಗದ ಕಾರು. ಮಾಲೀಕ ಅದರಲ್ಲೇ ಕುಳಿತು ರೇಸಿನ ಮೈದಾನಕ್ಕೆ ಹೋಗಬಹುದು, ಬಾಗಿಲಿಗೆ ನಂಬರು ಅಂಟಿಸಿಕೊಂಡು ಸ್ಪರ್ಧಿಸಬಹುದು, ಸಂಜೆ ಅದರಲ್ಲೇ ಮನೆಗೆ ಮರಳಬಹುದು. ಇದು ಜಿಟಿ ವರ್ಗದ ಆದರ್ಶ.

1950ರ ದಶಕದಲ್ಲಿ ಫೆರಾರಿಯ 250 ಜಿಟಿ ಸರಣಿ ಈ ಆದರ್ಶಕ್ಕೆ ಹತ್ತಿರವಾಗಿತ್ತು. ಹೆಸರಿನಲ್ಲಿರುವ 250 ಎಂಬ ಸಂಖ್ಯೆ ಎಂಜಿನ್ನಿನ ಒಂದೊಂದು ಸಿಲಿಂಡರಿನ ಗಾತ್ರವನ್ನು ಸೂಚಿಸುತ್ತದೆ. ಅಂಥ ಹನ್ನೆರಡು ಸಿಲಿಂಡರುಗಳು ಸೇರಿ ಸುಮಾರು ಮೂರು ಲೀಟರ್, ನಿಖರವಾಗಿ 2953 ಸಿಸಿ. ಈ ಎಂಜಿನ್ನಿನ ಮೂಲ ವಿನ್ಯಾಸ ಜೊಆಕಿನೊ ಕೊಲಂಬೊ ಎಂಬ ಎಂಜಿನಿಯರ್ ಅವರದು. 1959ರ ಪ್ಯಾರಿಸ್ ಪ್ರದರ್ಶನದಲ್ಲಿ ಇದೇ ಸರಣಿಯ ಬರ್ಲಿನೆಟಾ ಎಂಬ ಕಾರು ಬಂತು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರವನ್ನು 2600ರಿಂದ 2400 ಮಿಲಿಮೀಟರಿಗೆ ಇಳಿಸಿದ್ದರಿಂದ ತಿರುವುಗಳಲ್ಲಿ ಅದು ಚುರುಕಾಗಿತ್ತು. ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ಇದೇ ಕಾರಿನಲ್ಲಿ 1960 ಮತ್ತು 1961ರ ಟೂರಿಸ್ಟ್ ಟ್ರೋಫಿ ಗೆದ್ದರು.

ಬದಲಾದ ನಿಯಮ, ಬಂದ ಪ್ರತಿಸ್ಪರ್ಧಿ

1961ರಲ್ಲಿ ಎರಡು ಸಂಗತಿಗಳು ಎಂಜೊ ಫೆರಾರಿಯವರ ನೆಮ್ಮದಿ ಕಲಕಿದವು. ಮಾರ್ಚ್ ತಿಂಗಳಲ್ಲಿ ಜಿನೀವಾದಲ್ಲಿ ಬ್ರಿಟನ್ನಿನ ಜಾಗ್ವಾರ್ ಕಂಪೆನಿ ತನ್ನ ಇ-ಟೈಪ್ ಕಾರನ್ನು ಅನಾವರಣ ಮಾಡಿತು. ಗಾಳಿಯನ್ನು ಸೀಳುವ ಉದ್ದ ಮೂತಿಯ ಆ ಕಾರಿನ ಮುಂದೆ ಫೆರಾರಿಯ ಗಿಡ್ಡ ಬರ್ಲಿನೆಟಾ ಮೊಂಡಾಗಿ ಕಾಣುತ್ತಿತ್ತು. ಇನ್ನೊಂದು ಸಂಗತಿ ನಿಯಮದ್ದು. ತಯಾರಕರಿಗಾಗಿ ಇದ್ದ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ ಅಲ್ಲಿಯವರೆಗೆ ರೇಸಿಗೆಂದೇ ಕಟ್ಟಿದ ಸ್ಪೋರ್ಟ್ಸ್ ಕಾರುಗಳ ನಡುವೆ ನಡೆಯುತ್ತಿತ್ತು. 1962ರಿಂದ ಅದು ಜಿಟಿ ಕಾರುಗಳದ್ದಾಗಬೇಕು ಎಂದು ತೀರ್ಮಾನವಾಯಿತು.

ನಿಯಮದ ಹಿಂದಿನ ಆಶಯ ಸರಳ: ಗೆಲ್ಲುವ ಕಾರು ಗಿರಾಕಿಗೂ ಸಿಗುವಂತಿರಬೇಕು. ನೂರು ಕಾರುಗಳ ಷರತ್ತು ಇದ್ದದ್ದು ಅದಕ್ಕೇ. ಒಂದೆರಡು ಕಾರು ಕಟ್ಟಿ, ಗೆದ್ದು, ಷೆಡ್ಡಿಗೆ ತಳ್ಳುವ ಆಟಕ್ಕೆ ಇದರಿಂದ ತಡೆ ಬೀಳುತ್ತದೆ ಎಂಬ ನಂಬಿಕೆಯಿತ್ತು. ಆದರೆ ನಿಯಮದಲ್ಲಿ ಒಂದು ಚಿಕ್ಕ ಬಾಗಿಲೂ ಇತ್ತು. ಒಮ್ಮೆ ಅಂಗೀಕಾರ ಪಡೆದ ಮಾದರಿಯಲ್ಲಿ ತಯಾರಕರು ಮುಂದೆ ಸುಧಾರಣೆ ಮಾಡಿಕೊಳ್ಳಬಹುದು, ಬೇರೆ ಮೈಕಟ್ಟನ್ನೂ ಕೂರಿಸಬಹುದು. ಮೂಲ ಕಾಗದಕ್ಕೆ ಹೊಸ ಹಾಳೆ ಲಗತ್ತಿಸಿದರೆ ಸಾಕು.

ಜಗಳದ ನಡುವೆ ಹುಟ್ಟಿದ್ದು

ಹೊಸ ಕಾರಿನ ಕೆಲಸ ಜೊಟ್ಟೊ ಬಿಝರೀನಿ ಎಂಬ ಎಂಜಿನಿಯರ್ ಕೈಗೆ ಬಂತು. ಬಿಝರೀನಿ ಮೊದಲು ಕಣ್ಣಿಟ್ಟದ್ದು ಗಾಳಿಯ ಮೇಲೆ. ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ಎಂಜಿನ್ನಿನ ಶಕ್ತಿಯ ಬಹುಪಾಲು ಎದುರಿನ ಗಾಳಿಯನ್ನು ತಳ್ಳುವುದಕ್ಕೇ ವ್ಯಯವಾಗುತ್ತದೆ. ಪಿಸಾ ವಿಶ್ವವಿದ್ಯಾಲಯದ ಗಾಳಿಸುರಂಗದಲ್ಲಿ ಪರೀಕ್ಷೆಗಳಾದವು. ಎಂಜಿನ್ನನ್ನು ಕೆಳಕ್ಕೂ ಹಿಂದಕ್ಕೂ ಸರಿಸಿದ್ದರಿಂದ ಮೂತಿಯನ್ನು ತಗ್ಗಿಸಲು ಸಾಧ್ಯವಾಯಿತು. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಳ್ಳುವ ತೊಟ್ಟಿಯನ್ನು ತೆಗೆದು, ಎಣ್ಣೆಗೆ ಬೇರೆಯದೇ ಟ್ಯಾಂಕು ಇಟ್ಟದ್ದೂ ಇದೇ ಕಾರಣಕ್ಕೆ. ಅಲ್ಲಲ್ಲಿ ತೇಪೆ ಹಾಕಿದಂತಿದ್ದ ಮೊದಲ ಪ್ರಯೋಗದ ಕಾರು ನೋಡಲು ಎಷ್ಟು ವಿಕಾರವಾಗಿತ್ತೆಂದರೆ ಅದಕ್ಕೆ ‘ಇಲ್ ಮೊಸ್ಟ್ರೊ’, ಅಂದರೆ ಪೆಡಂಭೂತ ಎಂಬ ಅಡ್ಡಹೆಸರು ಬಿತ್ತು. 1961ರ ಸೆಪ್ಟೆಂಬರ್‌ನಲ್ಲಿ ಮೊಂಜಾದ ರೇಸ್ ಪಥದಲ್ಲಿ ಸ್ಟರ್ಲಿಂಗ್ ಮಾಸ್ ಅದನ್ನು ಓಡಿಸಿ ನೋಡಿದರು.

ಅಷ್ಟರಲ್ಲಿ ಕಾರ್ಖಾನೆಯೊಳಗೆ ಬಿರುಗಾಳಿ ಎದ್ದಿತು. ಅದೇ ವರ್ಷದ ಕೊನೆಯಲ್ಲಿ ಮುಖ್ಯ ಎಂಜಿನಿಯರ್ ಕಾರ್ಲೊ ಕಿಟಿ, ತಂಡದ ವ್ಯವಸ್ಥಾಪಕ ರೊಮೊಲೊ ತಾವೊನಿ, ಮಾರಾಟ ವಿಭಾಗದ ಜಿರೊಲಾಮೊ ಗರ್ದಿನಿ, ಜತೆಗೆ ಬಿಝರೀನಿ ಹಾಗೂ ಇನ್ನೂ ಕೆಲವು ಹಿರಿಯರು ಒಟ್ಟಿಗೇ ಹೊರಬಿದ್ದರು. ಎಂಜೊ ಅವರ ಪತ್ನಿ ಲಾರಾ ಕಂಪೆನಿಯ ವ್ಯವಹಾರದಲ್ಲಿ ತಲೆಹಾಕುತ್ತಾರೆ ಎಂಬುದು ಜಗಳದ ಒಂದು ಕಾರಣವೆಂದು ಹೇಳಲಾಗುತ್ತದೆ. ಫೆರಾರಿಯ ಚರಿತ್ರೆಯಲ್ಲಿ ಇದನ್ನು ‘ಅರಮನೆಯ ದಂಗೆ’ ಎಂದೇ ಕರೆಯುತ್ತಾರೆ.

ಅರ್ಧಕ್ಕೆ ನಿಂತ ಕೆಲಸ ಮವುರೊ ಫೊರ್ಗಿಯೇರಿ ಎಂಬ ಯುವಕನ ಹೆಗಲಿಗೆ ಬಿತ್ತು. 1935ರ ಜನವರಿಯಲ್ಲಿ ಹುಟ್ಟಿದ ಅವರಿಗೆ ಆಗಿನ್ನೂ 26 ವರ್ಷ. ಮೈಕಟ್ಟಿನ ಕೆಲಸವನ್ನು ಮೊಡೆನಾದ ಸೆರ್ಜಿಯೊ ಸ್ಕಾಲಿಯೆಟ್ಟಿ ವಹಿಸಿಕೊಂಡರು. ಅವರ ಕಾರ್ಯಾಗಾರದಲ್ಲಿ ಅಲ್ಯುಮಿನಿಯಂ ತಗಡನ್ನು ಸುತ್ತಿಗೆಯಲ್ಲಿ ಬಡಿದು ಬಾಗಿಸುತ್ತಿದ್ದರು, ಕಂಚುಗಾರ ಪಾತ್ರೆ ಬಡಿಯುವ ಹಾಗೆ. ಹೀಗಾಗಿ ಒಂದು ಜಿಟಿಒ ಇನ್ನೊಂದರ ಪಡಿಯಚ್ಚಲ್ಲ. ಹತ್ತಿರದಿಂದ ನೋಡಿದರೆ ಪ್ರತಿಯೊಂದರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಕಾಣುತ್ತದೆ. ಒಬ್ಬರು ಆರಂಭಿಸಿ, ಇನ್ನೊಬ್ಬರು ತಿದ್ದಿ, ಮತ್ತೊಬ್ಬರು ಬಡಿದು ರೂಪ ಕೊಟ್ಟ ಈ ಕಾರಿನ ಅಂದಕ್ಕೆ ಯಾರನ್ನು ಹೊಗಳಬೇಕು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಕಾರಿನ ಒಳಗೆ

1962ರ ಫೆಬ್ರುವರಿಯಲ್ಲಿ ಪತ್ರಕರ್ತರ ಮುಂದೆ ಬಂದ ಕಾರಿನ ಮೂತಿಯಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದಂಥ ಮೂರು ಕಿಂಡಿಗಳಿದ್ದವು. ಬೇಕಾದಾಗ ತೆಗೆದು, ಬೇಡದಾಗ ಮುಚ್ಚಿ ಗಾಳಿಯನ್ನು ಹದ್ದುಬಸ್ತಿನಲ್ಲಿಡುವ ವ್ಯವಸ್ಥೆ ಅದು. ಬಾಲದ ತುದಿಯಲ್ಲಿ ಮೇಲಕ್ಕೆ ಮಡಿಸಿದಂಥ ಅಂಚು ಇತ್ತು. ಓಟದಲ್ಲಿ ಕಾರಿನ ಹಿಂಭಾಗ ನೆಲ ಬಿಟ್ಟು ಹಗುರಾಗುವುದನ್ನು ಇದು ತಡೆಯುತ್ತಿತ್ತು.

ಎಂಜಿನ್ ಹೊಸದೇನಲ್ಲ. 1958, 1960 ಮತ್ತು 1961ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದ ಫೆರಾರಿ ಟೆಸ್ಟಾ ರೊಸಾ ಕಾರಿನ ಎಂಜಿನ್ನೇ ಇಲ್ಲಿಗೂ ಬಂತು. ಆರು ವೆಬರ್ ಕಾರ್ಬುರೇಟರುಗಳು, ಸುಮಾರು 300 ಅಶ್ವಶಕ್ತಿ, ಐದು ಗೇರು. ಕಾರಿನ ತೂಕ ಹೆಚ್ಚುಕಡಿಮೆ 900 ಕಿಲೋ. ಅಂದರೆ ಒಂದೊಂದು ಅಶ್ವಶಕ್ತಿಯ ಪಾಲಿಗೆ ಬರುವ ಹೊರೆ ಮೂರೇ ಕಿಲೋ. ಗರಿಷ್ಠ ವೇಗ ಗಂಟೆಗೆ ಸುಮಾರು 280 ಕಿಲೋಮೀಟರ್.

ವಿಚಿತ್ರವೆಂದರೆ, ಇಷ್ಟು ವೇಗದ ಕಾರಿನಲ್ಲಿ ವೇಗ ತೋರಿಸುವ ಮಾಪಕವೇ ಇರಲಿಲ್ಲ. ಚಾಲಕನ ಕಣ್ಣೆದುರು ಇದ್ದದ್ದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ದೊಡ್ಡ ಮುಳ್ಳು. ರೇಸಿನಲ್ಲಿರುವವನಿಗೆ ಗೇರು ಬದಲಿಸುವ ಗಳಿಗೆ ಗೊತ್ತಾದರೆ ಸಾಕು. ಹೀಗಿದ್ದೂ ಜಿಟಿ ವರ್ಗದ ಮರ್ಯಾದೆಗೆ ದೀಪ, ಹಾರ್ನು, ಪಕ್ಕದಲ್ಲೊಂದು ಸೀಟು, ಸ್ಟೆಪ್ನಿ ಎಲ್ಲವೂ ಇದ್ದವು. ಹಿಂದಿನ ಗಾಲಿಗಳಿಗೆ ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗುಗಳೇ ಉಳಿದುಕೊಂಡವು. ರೂಪ ಹೊಸದು, ಎಲುಬುಗೂಡು ಹಳೆಯದು. ಕಾಗದದ ಮೇಲೆ ಅದನ್ನು ಹಳೆಯ ಕಾರೆಂದು ತೋರಿಸಲು ಅನುವಾದದ್ದೂ ಇದೇ.

ಕಾಗದದ ಬಾಗಿಲು

ನೂರರ ಷರತ್ತನ್ನು ಫೆರಾರಿ ದಾಟಿದ್ದು ಹೇಗೆ ಎಂಬುದಕ್ಕೆ ರಂಜಕ ಕತೆಗಳಿವೆ. ಕಾರುಗಳ ಚಾಸಿ ನಂಬರುಗಳ ನಡುವೆ ಬೇಕೆಂದೇ ಅಂತರ ಬಿಟ್ಟು, ಇಲ್ಲದ ಕಾರುಗಳು ಇವೆಯೆಂದು ತಪಾಸಣೆಗೆ ಬಂದವರನ್ನು ನಂಬಿಸಲಾಯಿತು ಎಂಬುದು ಅವುಗಳಲ್ಲಿ ಪ್ರಸಿದ್ಧ. ಕಾರುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ, ಎಣಿಸಿದ್ದನ್ನೇ ಮತ್ತೆ ಎಣಿಸುವಂತೆ ಮಾಡಲಾಯಿತು ಎನ್ನುವವರೂ ಉಂಟು.

ವಾಸ್ತವಕ್ಕೆ ಇಷ್ಟು ರಂಗಿಲ್ಲ. ನಂಬರುಗಳ ನಡುವೆ ಅಂತರ ಇದ್ದದ್ದು ನಿಜ, ಆದರೆ ಅದೇ ಸರಣಿಯ ನಂಬರುಗಳು ಕಂಪೆನಿಯ ಇತರ ಕಾರುಗಳಿಗೂ ಹಂಚಿಕೆಯಾಗುತ್ತಿದ್ದವು. ಇನ್ನು ಅಂಗೀಕಾರದ ಮಾತು. 250 ಜಿಟಿ ಬರ್ಲಿನೆಟಾಕ್ಕೆ 1960ರಲ್ಲೇ ಅಂಗೀಕಾರ ಸಿಕ್ಕಿತ್ತು. ಜಿಟಿಒ ಹೊಸ ಮಾದರಿಯಲ್ಲ, ಅದೇ ಬರ್ಲಿನೆಟಾದ ಸುಧಾರಿತ ರೂಪ ಎಂದು ಕಂಪೆನಿ ಹಳೆಯ ಕಾಗದಕ್ಕೆ ಹೊಸ ಹಾಳೆಗಳನ್ನು ಸೇರಿಸಿತು. ಹಾಗಾದ ಮೇಲೆ ಹೊಸದಾಗಿ ನೂರು ಕಾರು ಮಾಡುವ ಪ್ರಶ್ನೆಯೇ ಏಳಲಿಲ್ಲ. ತಪಾಸಣೆಗೆ ಬಂದವರನ್ನು ಏಮಾರಿಸುವ ಅಗತ್ಯವೂ ಇರಲಿಲ್ಲ. ನಿಯಮವೇ ಬಾಗಿಲು ತೆರೆದಿಟ್ಟಿತ್ತು.

ಮೂರು ವರ್ಷಗಳ ದಿಗ್ವಿಜಯ

1962ರ ಮಾರ್ಚ್‌ನಲ್ಲಿ ಅಮೆರಿಕದ ಸೀಬ್ರಿಂಗ್‌ನಲ್ಲಿ ನಡೆದ 12 ಗಂಟೆಗಳ ರೇಸ್ ಜಿಟಿಒದ ಮೊದಲ ಪರೀಕ್ಷೆ. ಫಿಲ್ ಹಿಲ್ ಮತ್ತು ಒಲಿವಿಯೆ ಜೆಂಡೆಬಿಯೆನ್ ಜೋಡಿ ಒಟ್ಟಾರೆ ಎರಡನೆಯ ಸ್ಥಾನ, ಜಿಟಿ ವರ್ಗದಲ್ಲಿ ಮೊದಲ ಸ್ಥಾನ ಪಡೆಯಿತು. ಅವರನ್ನು ಹಿಂದಿಕ್ಕಿದ್ದೂ ಒಂದು ಫೆರಾರಿಯೇ. ಜೂನ್‌ನಲ್ಲಿ ಲ ಮಾನ್ ರೇಸಿನಲ್ಲಿ ಜಿಟಿಒಗಳು ಒಟ್ಟಾರೆ ಎರಡನೆಯ ಹಾಗೂ ಮೂರನೆಯ ಸ್ಥಾನ ಹಿಡಿದವು. ಅವುಗಳ ಹಿಂದೆ ಬಂದದ್ದು ಎರಡು ಜಾಗ್ವಾರ್ ಇ-ಟೈಪ್. ಯಾವ ಕಾರಿಗೆ ಹೆದರಿ ಈ ಕೆಲಸ ಶುರುವಾಗಿತ್ತೋ ಅದಕ್ಕೆ ಉತ್ತರ ಸಿಕ್ಕಂತಾಯಿತು.

ಸ್ಟರ್ಲಿಂಗ್ ಮಾಸ್‌ಗೆಂದೇ ತಿಳಿಹಸಿರು ಬಣ್ಣದ ಒಂದು ಜಿಟಿಒ ತಯಾರಾಗಿತ್ತು. ಆದರೆ ಅವರು ಅದರಲ್ಲಿ ಸ್ಪರ್ಧಿಸಲೇ ಇಲ್ಲ. 1962ರ ಏಪ್ರಿಲ್ 23ರಂದು ಗುಡ್‌ವುಡ್‌ನಲ್ಲಿ ಬೇರೊಂದು ಕಾರಿನಲ್ಲಾದ ಅಪಘಾತ ಅವರ ವೃತ್ತಿಜೀವನವನ್ನೇ ಮುಗಿಸಿತು. ನಾಲ್ಕು ತಿಂಗಳ ಬಳಿಕ ಅದೇ ಗುಡ್‌ವುಡ್‌ನಲ್ಲಿ, ಅದೇ ತಿಳಿಹಸಿರು ಕಾರಿನಲ್ಲಿ ಇನ್ನಿಸ್ ಐರ್ಲೆಂಡ್ ಟೂರಿಸ್ಟ್ ಟ್ರೋಫಿ ಗೆದ್ದರು. ಮರುವರ್ಷ ಗ್ರಹಾಂ ಹಿಲ್ ಜಿಟಿಒದಲ್ಲೇ ಆ ಟ್ರೋಫಿ ಎತ್ತಿದರು. 1962, 1963, 1964, ಮೂರು ವರ್ಷವೂ ಎರಡು ಲೀಟರಿಗಿಂತ ದೊಡ್ಡ ಎಂಜಿನ್ನಿನ ಜಿಟಿ ಕಾರುಗಳ ಚಾಂಪಿಯನ್‌ಷಿಪ್ ಫೆರಾರಿಯ ಪಾಲಾಯಿತು.

ಬಾಗಿಲು ಮುಚ್ಚಿತು

ಒಬ್ಬರು ಕಂಡುಕೊಂಡ ದಾರಿಯಲ್ಲಿ ಇನ್ನೊಬ್ಬರು ನಡೆಯಬಾರದೆಂದೇನೂ ಇಲ್ಲ. ಅಮೆರಿಕದ ಕ್ಯಾರೊಲ್ ಶೆಲ್ಬಿ ತಮ್ಮ ತೆರೆದ ಕೋಬ್ರಾ ಕಾರಿಗೆ ಗಾಳಿ ಸೀಳುವ ಮುಚ್ಚಿದ ಮೈ ತೊಡಿಸಿ ಅದೇ ನಿಯಮದಡಿ ರೇಸಿಗೆ ಇಳಿಸಿದರು. ಪೀಟ್ ಬ್ರಾಕ್ ವಿನ್ಯಾಸದ ಈ ಡೇಟೋನಾ ಕೂಪೆ ತಯಾರಾದದ್ದು ಆರೇ ಆರು. 1964ರ ಲ ಮಾನ್‌ನಲ್ಲಿ ಡ್ಯಾನ್ ಗರ್ನಿ ಮತ್ತು ಬಾಬ್ ಬಾಂಡುರಾಂಟ್ ಓಡಿಸಿದ ಕೂಪೆ ಜಿಟಿ ವರ್ಗವನ್ನು ಗೆದ್ದಿತು, ಅದರ ಹಿಂದೆಯೇ ಒಂದು ಜಿಟಿಒ ಬಂತು.

ಎಂಜೊ ಆಗಲೇ ಮುಂದಿನ ಅಸ್ತ್ರ ಸಿದ್ಧಪಡಿಸಿದ್ದರು. 1963ರ ಪ್ಯಾರಿಸ್ ಪ್ರದರ್ಶನದಲ್ಲಿ ಕಂಡ 250 ಎಲ್‌ಎಂ ಎಂಬ ಕಾರಿನ ಎಂಜಿನ್ ಚಾಲಕನ ಬೆನ್ನ ಹಿಂದೆ ಇತ್ತು. ಇದೂ 250 ಸರಣಿಯ ಜಿಟಿ ಕಾರೇ ಎಂದು ಅವರು ವಾದಿಸಿದರು. ಈ ಸಲ ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಲಿಲ್ಲ. ಮೂತಿಯಲ್ಲಿದ್ದ ಎಂಜಿನ್ ಬೆನ್ನಿಗೆ ಹೋದ ಮೇಲೆ ಅದನ್ನು ಹಳೆಯ ಕಾರಿನ ಸುಧಾರಣೆ ಎನ್ನುವುದು ಹೇಗೆ? ನೂರು ಕಾರುಗಳೂ ಇರಲಿಲ್ಲ. ಕೊನೆಗೂ ತಯಾರಾದದ್ದು ಮೂವತ್ತೆರಡು.

ತಮ್ಮ ಪರ ನಿಲ್ಲಲಿಲ್ಲವೆಂದು ಸ್ವದೇಶದ ಮೋಟಾರು ಸಂಸ್ಥೆಯ ಮೇಲೆ ಸಿಟ್ಟಾದ ಎಂಜೊ, ಇಟಲಿಯ ರೇಸ್ ಪರವಾನಗಿಯನ್ನೇ ಹಿಂದಿರುಗಿಸಿದರು. 1964ರ ಕೊನೆಯ ಎರಡು ಫಾರ್ಮುಲಾ ಒನ್ ರೇಸುಗಳಲ್ಲಿ ಫೆರಾರಿ ಕಾರುಗಳು ಇಟಲಿಯ ಕೆಂಪು ಬಿಟ್ಟು ಅಮೆರಿಕದ ನೀಲಿ-ಬಿಳಿ ಬಣ್ಣದಲ್ಲಿ ಓಡಿದವು. ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಆ ಬಣ್ಣದ ಕಾರಿನಲ್ಲೇ. 1965ರಲ್ಲಿ ಜಿಟಿ ಪ್ರಶಸ್ತಿ ಶೆಲ್ಬಿಯ ತಂಡಕ್ಕೆ ಹೋಯಿತು. ಜಿಟಿಒದ ಕಾಲ ಮುಗಿದಿತ್ತು.

ಶಾಲೆಯಿಂದ ಹರಾಜಿಗೆ

ಹೊಸದಿದ್ದಾಗ ಅಮೆರಿಕದಲ್ಲಿ ಜಿಟಿಒ ಬೆಲೆ 18 ಸಾವಿರ ಡಾಲರ್. ಕೈಯಲ್ಲಿ ಹಣವಿದ್ದರೆ ಸಾಲುತ್ತಿರಲಿಲ್ಲ. ಗಿರಾಕಿ ಯಾರೆಂದು ತಿಳಿದು ಎಂಜೊ ಒಪ್ಪಿಗೆ ಕೊಡಬೇಕಿತ್ತು. ಆದರೆ ಗೆಲ್ಲಲಾರದ ರೇಸ್ ಕಾರು ಯಾರಿಗೂ ಬೇಡ. ಕೆಲವೇ ವರ್ಷಗಳಲ್ಲಿ ಇವು ಹಳೆಯ ಕಾರುಗಳ ಸಾಲಿಗೆ ಸೇರಿದವು. ಒಂದು ಜಿಟಿಒವನ್ನು ಅದರ ಮಾಲೀಕರು ಅಮೆರಿಕದ ಟೆಕ್ಸಾಸ್‌ನ ಒಂದು ಪ್ರೌಢಶಾಲೆಗೆ ದಾನವಾಗಿ ಕೊಟ್ಟರು. ಅಲ್ಲಿ ಅದು ಮೆಕ್ಯಾನಿಕ್ ಕೆಲಸ ಕಲಿಯುವ ಮಕ್ಕಳ ಪಾಠದ ವಸ್ತುವಾಯಿತು. 1972ರಲ್ಲಿ ಶಾಲೆ ಅದನ್ನು ಆರೂವರೆ ಸಾವಿರ ಡಾಲರಿಗೆ ಮಾರಿತು. ಮುಂದಿನ ಮಾಲೀಕರ ಬಳಿ ಅದು ಹದಿನೈದು ವರ್ಷಗಳ ಕಾಲ ಟ್ರೇಲರ್ ಮೇಲೆ, ಬಯಲಿನಲ್ಲಿ, ಮಳೆ-ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು.

ಸಂಗ್ರಾಹಕರ ಕಣ್ಣು ಬಿದ್ದ ಮೇಲೆ ಲೆಕ್ಕವೇ ಬದಲಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಒಂದು ಜಿಟಿಒ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಂದು 5 ಕೋಟಿ 17 ಲಕ್ಷ ಡಾಲರ್ ತಂದಿತು. ಆಗಿನ ದರದಲ್ಲಿ ಸುಮಾರು 430 ಕೋಟಿ ರೂಪಾಯಿ. ನಕಲಿಗೂ ಈಗ ಅವಕಾಶವಿಲ್ಲ. ಜಿಟಿಒ ಆಕಾರ ಒಂದು ಕಲಾಕೃತಿ, ಅದನ್ನು ಅನುಕರಿಸಿ ಕಾರು ತಯಾರಿಸುವಂತಿಲ್ಲ ಎಂದು 2019ರಲ್ಲಿ ಇಟಲಿಯ ಬೊಲೊನ್ಯ ನಗರದ ನ್ಯಾಯಾಲಯ ಹೇಳಿತು. ಮೂವತ್ತಾರು ಎಂಬ ಸಂಖ್ಯೆಗೆ ಹೀಗೆ ಕಾನೂನಿನ ಬೇಲಿಯೂ ಬಿತ್ತು.

ಈ ಬೆಲೆಗಳ ಗದ್ದಲದಲ್ಲಿ ಒಂದು ಹೆಸರು ಮರೆಯಾಗಬಾರದು. ಫ್ರಾನ್ಸಿನ ಆನ್ರಿ ಒರೆಯೆ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಭೂಗತವಾಗಿ ಹೋರಾಡಿದವರು. 1948ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮದ ಇಳಿಜಾರಿನಲ್ಲಿ ಜಾರಿ ಎರಡು ಚಿನ್ನ, ಒಂದು ಕಂಚು ಗೆದ್ದವರು. ಬಳಿಕ ರೇಸಿಗೆ ಬಂದರು. 1962ರ ಶರತ್ಕಾಲದಲ್ಲಿ ಗೆಳೆಯ ಜೊ ಶ್ಲೆಸೆರ್ ಜತೆ ಜಿಟಿಒ ಓಡಿಸಿ, ಫ್ರಾನ್ಸ್ ಸುತ್ತುವ ಮೋಟಾರು ಸ್ಪರ್ಧೆಯಲ್ಲಿ ಎರಡನೆಯವರಾದರು. ಕೆಲವೇ ವಾರಗಳಲ್ಲಿ, ಅಕ್ಟೋಬರ್ 7ರಂದು ಪ್ಯಾರಿಸ್ ಬಳಿಯ ಮೊಂತ್ಲೆರಿ ಪಥದಲ್ಲಿ ಅದೇ ಕಾರು ಹತೋಟಿ ತಪ್ಪಿತು. ಒರೆಯೆ ಉಳಿಯಲಿಲ್ಲ.

ಜಖಂಗೊಂಡ ಕಾರು ದುರಸ್ತಿಯಾಗಿ ಇಟಲಿಯಲ್ಲಿ ಮತ್ತೆ ರೇಸಿಗೆ ಇಳಿಯಿತು. 1965ರಲ್ಲಿ ಅದನ್ನು ಕೊಂಡ ಸಂಗ್ರಾಹಕ ಫಬ್ರೀಸಿಯೊ ವಿಯೊಲಾಟಿ 2010ರಲ್ಲಿ ತೀರಿಕೊಳ್ಳುವವರೆಗೂ ಜೋಪಾನವಾಗಿ ಇಟ್ಟುಕೊಂಡರು. 2014ರಲ್ಲಿ ಹರಾಜಿಗೆ ಬಂದಾಗ ಅದರ ಬೆಲೆ 3 ಕೋಟಿ 81 ಲಕ್ಷ ಡಾಲರ್. ಹರಾಜಿನಲ್ಲಿ ಮಾರಾಟವಾದ ಕಾರುಗಳಲ್ಲಿ ಅಲ್ಲಿಯವರೆಗೆ ಅದಕ್ಕಿಂತ ಹೆಚ್ಚು ಬೆಲೆ ಯಾವುದಕ್ಕೂ ಬಂದಿರಲಿಲ್ಲ.

ಗೆಲ್ಲುವ ಕಾರು ಕನಿಷ್ಠ ನೂರು ಮಂದಿಯ ಕೈಗಾದರೂ ಸಿಗಲಿ ಎಂದು ನಿಯಮ ಮಾಡಿದವರು ಬಯಸಿದ್ದರು. ಅವರು ಬರೆದ ಸಂಖ್ಯೆಗೆ ಅರವತ್ತನಾಲ್ಕು ಕಡಿಮೆ ಬಿತ್ತು. ಹರಾಜಿನ ಸುತ್ತಿಗೆ ಬೀಳುವಾಗಲೆಲ್ಲ ಬೆಲೆ ಕಟ್ಟುವುದು, ಕಾರಿನ ವೇಗಕ್ಕೂ ಅಂದಕ್ಕೂ ಕಟ್ಟಿದಷ್ಟೇ, ಆಗದೇ ಉಳಿದ ಆ ಅರವತ್ತನಾಲ್ಕು ಕಾರುಗಳಿಗೂ ಹೌದು.